ಗೋಡೆಯಾಚೆಯ ಸಾಕ್ಷಿ

"ನಾನು ತಿರುಗಿಸಿ ಅನ್ನೋ ತನಕ ನೇರ ಹೋಗ್ತಾ ಇರಿ."

ಕಾರು ಕಲಿಯಲು ಬಂದವರಿಗೆಲ್ಲ ಮೇಷ್ಟ್ರು ಮೊದಲ ದಿನವೇ ಹೇಳುತ್ತಿದ್ದ ಮಾತು ಇದು. ಹೊಸಬರು ಸ್ವಂತ ಬುದ್ಧಿ ಓಡಿಸಲು ಹೋಗಿಯೇ ಗಾಡಿಯನ್ನು ಚರಂಡಿಗೆ ಇಳಿಸುವುದು. ಬುದ್ಧಿಯನ್ನು ಮನೆಯಲ್ಲಿ ಬಿಟ್ಟು ಕಿವಿಯನ್ನು ಮಾತ್ರ ತಂದರೆ ಸಾಕು ಎಂಬುದು ಅವರ ಸಿದ್ಧಾಂತ. ಸಿದ್ಧಾಂತ ಚೆನ್ನಾಗಿಯೇ ಇತ್ತು, ಮೇಷ್ಟ್ರು ಎಚ್ಚರವಾಗಿರುವ ತನಕ.

ಆ ದಿನ ಪಾಠಕ್ಕೆ ಬಂದಿದ್ದವರು ಬ್ಯಾಂಕಿನ ಕ್ಯಾಷಿಯರಮ್ಮ. ನಿಯಮ ಅಂದರೆ ನಿಯಮ ಅನ್ನುವ ಪೈಕಿ. ಮಾರುಕಟ್ಟೆ ದಾಟುವ ಹೊತ್ತಿಗೆ ಮೇಷ್ಟ್ರ ಕತ್ತು ಕಿಟಕಿಯ ಕಡೆ ವಾಲಿತು, ಬಾಯಿ ತೆರೆಯಿತು, ಗೊರಕೆ ಶುರುವಾಯಿತು. ಕ್ಯಾಷಿಯರಮ್ಮ ಒಂದು ಸಲ ಓರೆಗಣ್ಣಿನಲ್ಲಿ ನೋಡಿದರು. ತಿರುಗಿಸಿ ಎಂದು ಯಾರೂ ಹೇಳಿರಲಿಲ್ಲ. ನೇರ ಹೋದರು. ಕಾಲೇಜು ಹೋಯಿತು, ಸಿಮೆಂಟು ಗೋದಾಮು ಹೋಯಿತು, ಊರಿನ ಹೆಸರು ಬರೆದ ಹಲಗೆ ಬೆನ್ನು ತೋರಿಸಿತು. ರೈಲ್ವೆ ಗೇಟು ಹಾಕಿದ್ದ ಕಡೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಕಾದರು. ಗೇಟು ಎತ್ತಿದ ಮೇಲೆ ಮೊದಲನೇ ಗೇರ್ ಹಾಕಿ, ಎಂಜಿನ್ ಒಂದು ಸಲವೂ ಆಫ್ ಆಗದ ಹಾಗೆ ಕ್ಲಚ್ ಬಿಟ್ಟು ಮುಂದಕ್ಕೆ ಹೊರಟರು. ಪೆಟ್ರೋಲಿನ ಕೆಂಪು ದೀಪ ಹತ್ತಿದಾಗ ಮಾತ್ರ ಗಾಡಿಯನ್ನು ಬದಿಗೆ ತಂದು ಮೇಷ್ಟ್ರ ತೋಳು ಮುಟ್ಟಿದರು.

"ಸರ್, ಪೆಟ್ರೋಲ್ ಮುಗೀತಾ ಬಂತು. ಇನ್ನೂ ನೇರಾನೇ ಹೋಗ್ಬೇಕಾ?"

ಮೇಷ್ಟ್ರು ಕಣ್ಣು ಬಿಟ್ಟರೆ ಎದುರಿಗೆ ಕಂಡು ಕೇಳರಿಯದ ಒಂದು ಸೇತುವೆ. ಅದರ ಕೆಳಗೆ ಯಾರದೋ ಎಮ್ಮೆಗಳು. ಎಲ್ಲಿದ್ದೇನೆ ಎಂದು ಕೇಳಲು ಮರ್ಯಾದೆ ಅಡ್ಡ ಬಂತು. "ಇಲ್ಲಿ ಯೂ ಟರ್ನ್ ತಗೊಳ್ಳಿ, ಇವತ್ತಿನ ಪಾಠ ಅದೇ" ಎಂದರು.

ಊರು ನಕ್ಕಿತು. ಡ್ರೈವಿಂಗ್ ಸ್ಕೂಲಿನ ಯಜಮಾನರು ಮಾತ್ರ ನಗಲಿಲ್ಲ. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ, ನಿಮಗೆ ರೋಡಲ್ಲೂ ಬರುತ್ತಲ್ಲ ಮೇಷ್ಟ್ರೇ. ಎರಡನೇ ಬ್ರೇಕ್ ಇರೋದು ನಿಮ್ಮ ಕಾಲ ಕೆಳಗೆ. ಆ ಯಮ್ಮ ಒಳ್ಳೇವರು, ಬದುಕಿದ್ರಿ. ಮೊದಲು ಹೋಗಿ ಗಂಟಲು ತೋರಿಸ್ಕೊಂಡು ಬನ್ನಿ. ಅಲ್ಲಿ ತನಕ ಆಫೀಸಲ್ಲಿ ಕೂತು ಸಿಗ್ನಲ್ ಪಾಠ ಮಾಡಿ."

ಮೇಷ್ಟ್ರಿಗೆ ಚಿಂತೆ ಇರಲಿಲ್ಲ ಎಂದವರಾರು? ಇತ್ತು. ಒಂದೇ ಇತ್ತು. ಆದರೆ ಅದನ್ನು ಯಜಮಾನರ ಮೇಜಿನ ಮುಂದೆ ಹೇಳುವ ಹಾಗಿರಲಿಲ್ಲ.

ಮನೆಯಲ್ಲಿ ಎರಡು ಕೋಣೆ, ನಡುವೆ ಒಂದು ಗೋಡೆ. ದೊಡ್ಡದರಲ್ಲಿ ಜೋಡಿ ಮಂಚ. ಚಿಕ್ಕದರಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಬಟ್ಟೆಯ ಗಂಟುಗಳು, ಗೋಡೆಗೆ ಒತ್ತಿದ ಒಂದು ಕಿರಿದಾದ ಮಂಚ. ಆಕೆಗೆ ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಪುಟ್ಟ ಜಾಗವಿತ್ತು. ಅಲ್ಲಿ ಪ್ಯಾಂಟಿನ ಉದ್ದ ಕತ್ತರಿಸುವುದು, ಜಿಪ್ ಬದಲಿಸುವುದು, ದಪ್ಪಗಾದವರ ಅಂಗಿ ಬಿಚ್ಚಿ ಸಡಿಲ ಮಾಡಿಕೊಡುವುದು ಆಕೆಯ ಕೆಲಸ. ಉಳಿದ ಬಟ್ಟೆಯನ್ನು ಮನೆಗೆ ತಂದು ಹೊಲಿಯುತ್ತಿದ್ದಳು. ಮಕ್ಕಳಿಲ್ಲ. ಇಬ್ಬರೇ. ಒಂದು ಚಳಿಗಾಲ ಮೇಷ್ಟ್ರಿಗೆ ನೆಗಡಿಯಾಗಿ, ಗೊರಕೆಗೆ ಕಿಟಕಿಯ ಗಾಜು ಅದುರಿದಾಗ, "ಇವತ್ತೊಂದಿನ ಆ ಕೋಣೇಲಿ ಮಲಗ್ತೀನಿ ರೀ, ನಾಳೆ ಬೆಳಿಗ್ಗೆ ಗಿರಾಕಿ ಬರ್ತಾರೆ" ಎಂದು ದಿಂಬು ಎತ್ತಿಕೊಂಡು ಹೋದಳು. ವರ್ಷಗಳು ಕಳೆದವು. ಆ ಒಂದು ದಿನ ಇನ್ನೂ ಮುಗಿದಿರಲಿಲ್ಲ.

ಜಗಳವೇನೂ ಆಗಿರಲಿಲ್ಲ, ಅದೇ ಕಷ್ಟ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಊಟ ಒಟ್ಟಿಗೆ, ಮಾತು ಒಟ್ಟಿಗೆ, ದೀಪ ಆರಿಸುವ ಹೊತ್ತಿಗೆ ಆಕೆ ಆ ಕಡೆ, ಇವರು ಈ ಕಡೆ. ಜೋಡಿ ಮಂಚದಲ್ಲಿ ಮೇಷ್ಟ್ರು ತಮ್ಮ ಅರ್ಧದಲ್ಲೇ ಮಲಗುತ್ತಿದ್ದರು. ಇನ್ನರ್ಧದ ಹೊದಿಕೆ ಮಡಿಸಿದ ಹಾಗೇ ಇರುತ್ತಿತ್ತು.

ನೆಂಟರು ಬಂದರೆ ಮಾತ್ರ ಲೆಕ್ಕ ಬೇರೆ. ಗಂಡ ಹೆಂಡತಿ ಬೇರೆ ಬೇರೆ ಮಲಗುತ್ತಾರೆ ಎಂದು ನಾಲ್ಕು ಜನರ ಬಾಯಿಗೆ ಬೀಳುವುದು ಆಕೆಗೆ ಆಗದ ಮಾತು. ಚಿಕ್ಕ ಕೋಣೆಯನ್ನು ನೆಂಟರಿಗೆ ಬಿಟ್ಟು, ಯಾರೂ ನೋಡದ ಹೊತ್ತಿನಲ್ಲಿ ದಿಂಬನ್ನು ದೊಡ್ಡ ಕೋಣೆಗೆ ಸಾಗಿಸಿಬಿಡುತ್ತಿದ್ದಳು. ಹಾಗಾಗಿ ಮೇಷ್ಟ್ರಿಗೆ ನೆಂಟರೆಂದರೆ ಪಂಚಪ್ರಾಣ. ಸಾಲ ಕೇಳಲು ಬಂದ ಷಡ್ಡಕನನ್ನೂ ಇನ್ನೆರಡು ದಿನ ಇರಪ್ಪಾ ಎಂದು ಬೇಡಿಕೊಳ್ಳುತ್ತಿದ್ದರು. ಆದರೆ ಆಕೆ ಪಕ್ಕದಲ್ಲಿ ಮಲಗಿದ ರಾತ್ರಿಗಳಲ್ಲಿ ಅವರು ನಿದ್ದೆ ಮಾಡುತ್ತಿರಲಿಲ್ಲ. ನಿದ್ದೆ ಬಂದರೆ ಗೊರಕೆ, ಗೊರಕೆ ಬಂದರೆ ಆಕೆಗೆ ತೊಂದರೆ. ಕಣ್ಣು ಮುಚ್ಚಿ, ನಿದ್ದೆ ಹೋದವರ ಹಾಗೆ ನಿಧಾನಕ್ಕೆ ಉಸಿರಾಡುತ್ತ, ಒಳಗೊಳಗೇ ಗೇರುಗಳನ್ನು ಎಣಿಸುತ್ತ ಬೆಳಗು ಮಾಡುತ್ತಿದ್ದರು. "ಇವತ್ತೇನು ಸದ್ದೇ ಇರ್ಲಿಲ್ಲ" ಎಂದು ಬೆಳಿಗ್ಗೆ ಆಕೆ ಹೇಳಿದರೆ ಅವರಿಗೆ ಅದೇ ಬಹುಮಾನ. ನೆಂಟರು ಹೋದ ದಿನ ದಿಂಬೂ ಹೋಗುತ್ತಿತ್ತು.

ಗೊರಕೆ ಹೋದರೆ ಆಕೆ ಬರುತ್ತಾಳೆ. ಇಷ್ಟೇ ಅವರ ಲೆಕ್ಕ. ಕೆಲಸ ಹೋಗುವ ಭಯಕ್ಕಿಂತ ಈ ಆಸೆಗೇ ಅವರು ಡಾಕ್ಟರ ಹತ್ತಿರ ಹೊರಟದ್ದು. ಹೆಂಡತಿಯೂ ಅಂಗಡಿ ಮುಚ್ಚಿ ಜೊತೆಗೆ ಬಂದಳು.

ಗಂಟಲು ಡಾಕ್ಟರು ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆಗೆಸಿ, ದೀಪ ಬಿಟ್ಟು ನೋಡಿದರು. "ಕಿರುನಾಲಿಗೆ ಉದ್ದ ಇದೆ, ಅಂಗುಳದ ಹಿಂಭಾಗ ಜೋತು ಬಿದ್ದಿದೆ. ಸದ್ದು ಇದರದ್ದೇ ಇರ್ಬೇಕು. ಹಗಲು ಹೊತ್ತು ನಿದ್ದೆ ತೂಗುತ್ತಾ?"

ಸೇತುವೆ, ಎಮ್ಮೆ, ಕ್ಯಾಷಿಯರಮ್ಮ ಎಲ್ಲ ಮೇಷ್ಟ್ರ ಕಣ್ಣ ಮುಂದೆ ಬಂದುಹೋದರು. "ಊಟ ಆದ್ಮೇಲೆ ಯಾರಿಗೆ ತೂಗಲ್ಲ ಡಾಕ್ಟ್ರೇ" ಎಂದು ತೇಲಿಸಿದರು.

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. "ಇವರಿಗೆ ಇವರ ನಿದ್ದೆ ಗೊತ್ತಾಗಲ್ಲ. ನೀವೇ ಹೇಳ್ಬೇಕು. ರಾತ್ರಿ ಮಧ್ಯೆ ಮಧ್ಯೆ ಉಸಿರು ನಿಂತು ಹೋಗುತ್ತಾ? ಆಮೇಲೆ ಉಸಿರುಕಟ್ಟಿದ ಹಾಗೆ ಎಳ್ಕೋತಾರಾ? ಹಾಗಿದ್ರೆ ಮೊದಲು ನಿದ್ದೆ ಪರೀಕ್ಷೆ ಮಾಡಿಸ್ಬೇಕು, ಅದರ ದಾರೀನೇ ಬೇರೆ. ಬರೀ ಸದ್ದು ಅಂದ್ರೆ ಇಲ್ಲಿ ಇಷ್ಟು ಕತ್ತರಿಸಿದ್ರೆ ಸಾಕು."

ಆಕೆ ಕೈಚೀಲದ ಹಿಡಿಯನ್ನು ತಿರುವುತ್ತ ಕೂತಳು. ಕೇಳಿದ್ದು ಉಸಿರಿನ ಪ್ರಶ್ನೆ, ಆಕೆಗೆ ಕೇಳಿಸಿದ್ದು ಮಂಚದ ಪ್ರಶ್ನೆ.

"ನಿಲ್ಲಲ್ಲ ಡಾಕ್ಟ್ರೇ" ಎಂದಳು. "ಪಕ್ಕದಲ್ಲೇ ಮಲಗ್ತೀನಲ್ಲ, ನಂಗೆ ಗೊತ್ತಾಗಲ್ವಾ? ಸದ್ದು ಅಷ್ಟೇ."

ಅದು ಸುಳ್ಳೆಂದು ಆ ಕೋಣೆಯಲ್ಲಿ ಗೊತ್ತಿದ್ದವರು ಇಬ್ಬರು. ಮೇಷ್ಟ್ರು ಬಾಯಿ ತೆರೆಯಬಹುದಿತ್ತು. ಈಗಷ್ಟೇ ಡಾಕ್ಟರು ತೆರೆಸಿಯೂ ಇದ್ದರು. ಆದರೆ 'ಪಕ್ಕದಲ್ಲೇ ಮಲಗ್ತೀನಲ್ಲ' ಎಂಬ ಮಾತನ್ನು ಆಕೆಯ ಬಾಯಿಂದ ಕೇಳಿ ಅವರಿಗೆ ಎಷ್ಟು ಹಿತವಾಯಿತೆಂದರೆ, ಅದನ್ನು ತಿದ್ದುವ ಮನಸ್ಸಾಗಲಿಲ್ಲ. ನಿಜವೇ ಇರಬಹುದೇನೋ ಎಂಬಂತೆ ತಲೆ ಆಡಿಸಿದರು. ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತು ಮಾಡಿದರು.

ಕಿರುನಾಲಿಗೆ ಹೋಯಿತು, ಜೋತುಬಿದ್ದ ಅಂಗುಳದ ಅಂಚು ಹೋಯಿತು, ಹಳೆಯ ಟಾನ್ಸಿಲ್ಲುಗಳೂ ಅದರ ಜೊತೆಗೇ ಹೋದವು. ಆಮೇಲಿನ ಎರಡು ವಾರ ಮೇಷ್ಟ್ರು ಪಟ್ಟ ಪಾಡು ಶತ್ರುವಿಗೂ ಬೇಡ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನುಂಗಲೂ ಆಗದು, ಉಗುಳಲೂ ಆಗದು. ಕುಡಿದ ನೀರು ಒಮ್ಮೊಮ್ಮೆ ಮೂಗಿನಿಂದ ವಾಪಸ್ಸು ಬರುತ್ತಿತ್ತು. ಮಾತು ಬಂದ್. ಏನು ಬೇಕಾದರೂ ಕೈಸನ್ನೆ. ಅದೂ ಅಭ್ಯಾಸಬಲದಿಂದ ಎಡಕ್ಕೆ ತಿರುಗು, ನಿಲ್ಲಿಸು, ಹಿಂದೆ ಬಾ ಎಂಬ ಸನ್ನೆಗಳೇ ಹೆಚ್ಚು. ಹೆಂಡತಿ ನಕ್ಕಳು. ಗಂಜಿ ಆರಿಸಿ, ಚಮಚದಲ್ಲಿ ಕುಡಿಸಿ, ಬಾಯಿ ಒರೆಸಿ, ಹೊದಿಕೆ ಸರಿ ಮಾಡಿ, ದೀಪ ಆರಿಸಿ, ಚಿಕ್ಕ ಕೋಣೆಗೆ ಹೋದಳು.

ಗಾಯ ಮಾಯಲಿ, ಆಮೇಲೆ ಬರುತ್ತಾಳೆ ಎಂದು ಮೇಷ್ಟ್ರು ಸಮಾಧಾನ ಹೇಳಿಕೊಂಡರು. ಗಾಯ ಮಾಯಿತು. ಗೊರಕೆ ನಿಂತಿತ್ತು. ಪಕ್ಕದ ಮನೆಯ ಮುದುಕರೊಬ್ಬರು ಬೇಲಿಯಾಚೆಯಿಂದ, "ಏನು ಮೇಷ್ಟ್ರೇ, ಟ್ರ್ಯಾಕ್ಟರ್ ಮಾರಿಬಿಟ್ರಾ?" ಎಂದು ಕೇಳಿದರು. ಡಾಕ್ಟರು ಬೆನ್ನು ತಟ್ಟಿದರು. ಯಜಮಾನರು ಕಾರಿನ ಕೀ ವಾಪಸ್ಸು ಕೊಟ್ಟರು. ನಿದ್ದೆ ಮಾತ್ರ ಮೊದಲಿನ ಹಾಗೇ ಹಗಲೆಲ್ಲ ರೆಪ್ಪೆ ಎಳೆಯುತ್ತಿತ್ತು. ಬೆಳಿಗ್ಗೆ ಎದ್ದರೆ ತಲೆ ಭಾರ, ಬಾಯಿ ಒಣ. ಆಪರೇಷನ್ನಿನ ನಿಶ್ಶಕ್ತಿ ಇರಬೇಕೆಂದು ಮೇಷ್ಟ್ರು ಒದ್ದೆ ಕರವಸ್ತ್ರ ಕುತ್ತಿಗೆಗೆ ಸುತ್ತಿಕೊಂಡು, ಬಾಯಲ್ಲಿ ಲವಂಗ ಇಟ್ಟುಕೊಂಡು, ತೊಡೆ ಚಿವುಟಿಕೊಳ್ಳುತ್ತ ಪಾಠ ಮಾಡಿದರು. ಸದ್ದು ಹೋದ ಮೇಲೆ ರೋಗ ಎಲ್ಲಿಯದು ಎಂಬುದು ಅವರ ವಾದ. ಹಾರ್ನಿನ ತಂತಿ ಕಿತ್ತ ಮಾತ್ರಕ್ಕೆ ಬ್ರೇಕು ಸರಿಯಾಗುವುದಿಲ್ಲ ಎಂದು ಬೇರೆಯವರಿಗೆ ಕಲಿಸುವವರು ತಮ್ಮ ಗಂಟಲಿನ ವಿಷಯದಲ್ಲಿ ಅಷ್ಟನ್ನು ಯೋಚಿಸಲಿಲ್ಲ.

ಹೆಂಡತಿ ಬರಲಿಲ್ಲ. ಬಾ ಎಂದು ಇವರು ಕರೆಯಲೂ ಇಲ್ಲ. ಇಷ್ಟು ವರ್ಷ ಗೊರಕೆ ಇತ್ತು, ಅದರ ಮೇಲೆ ತಪ್ಪು ಹೊರಿಸಿ ಮಲಗಬಹುದಿತ್ತು. ಈಗ ಕರೆದು, ಆಕೆ ಒಲ್ಲೆ ಎಂದರೆ? ಆ ಉತ್ತರ ಕೇಳುವ ಧೈರ್ಯ ಅವರಿಗಿರಲಿಲ್ಲ. ಮಂಚದ ಇನ್ನರ್ಧಕ್ಕೆ ಹೊಸ ಹೊದಿಕೆ ತಂದು ಹಾಸಿದರು. "ಚೆನ್ನಾಗಿದೆ ರೀ ಬಣ್ಣ" ಎಂದು ಆಕೆ ಬಟ್ಟೆಯ ನೇಯ್ಗೆಯನ್ನು ಬೆರಳಲ್ಲಿ ತಿಕ್ಕಿ ನೋಡಿ ಹೋದಳು. ಗೊರಕೆ ಇದ್ದಾಗಲಾದರೂ ಅವರ ಸದ್ದು ಗೋಡೆ ದಾಟಿ ಆಕೆಯ ಕೋಣೆಗೆ ಹೋಗುತ್ತಿತ್ತು. ಈಗ ಅದೂ ಇಲ್ಲ. ಮೇಷ್ಟ್ರಿಗೆ ತಾವು ಇಷ್ಟು ಒಂಟಿ ಎಂದು ಆ ಮೊದಲು ಅನಿಸಿರಲಿಲ್ಲ.

ಕೊನೆಗೆ ಅವರಿಗೆ ಹೊಳೆದ ಉಪಾಯ ಒಂದೇ. ಅಕ್ಕನಿಗೆ ಫೋನು ಮಾಡಿದರು. "ಒಂದು ವಾರ ಬಂದು ಇದ್ದು ಹೋಗು."

"ಯಾಕೋ, ಮೈ ಹುಷಾರಿಲ್ವಾ?"

"ಹುಷಾರಾಗಿದೀನಿ, ಅದಕ್ಕೇ ಬಾ."

ಅಕ್ಕ ಬಂದಳು. ಮಾತು ಜಾಸ್ತಿ, ಮನಸ್ಸು ಒಳ್ಳೆಯದು. ಚಿಕ್ಕ ಕೋಣೆ ಅವಳಿಗೆ. ದಿಂಬು ದೊಡ್ಡ ಕೋಣೆಗೆ ಬಂತು. ಅದರ ಹಿಂದೆ ಹೆಂಡತಿಯೂ ಬಂದು ಹೊಸ ಹೊದಿಕೆಯನ್ನು ಬಿಡಿಸಿ ಮಲಗಿದಳು. ಈ ಸಲ ಮೇಷ್ಟ್ರು ಎಚ್ಚರವಿರುವ ಅಗತ್ಯವಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಹೆಂಡತಿಯ ಪಕ್ಕದಲ್ಲಿ, ಕಳ್ಳನಿದ್ದೆಯಲ್ಲ, ನಿಜವಾದ ನಿದ್ದೆಗೆ ಜಾರಿದರು.

ಬೆಳಿಗ್ಗೆ ಕಣ್ಣು ಬಿಟ್ಟಾಗ ಆಕೆ ಗೋಡೆಗೆ ಒರಗಿ ಕೂತಿದ್ದಳು. ಕೂದಲು ಕೆದರಿತ್ತು, ಕಣ್ಣು ಕೆಂಪಾಗಿತ್ತು. ಒಂದು ಕೈ ಇವರ ಎದೆಯ ಮೇಲಿತ್ತು.

"ನೀನು ಮಲಗ್ಲಿಲ್ವಾ? ಗೊರಕೆ ಹೊಡೆದ್ನಾ?"

"ಇಲ್ಲ."

ಮೇಷ್ಟ್ರ ಮುಖ ಅರಳಿತು. ಆಕೆಯ ಮುಖ ನೋಡಿ ಮತ್ತೆ ಮುದುಡಿತು.

"ಸದ್ದೇ ಇಲ್ಲ ರೀ. ಎದೆ ಏಳುತ್ತೆ, ಗಾಳಿ ಹೋಗಲ್ಲ. ಮೂಗಿನ ಹತ್ರ ಕೈ ಇಟ್ಟೆ, ಬಾಯಿ ಹತ್ರ ಇಟ್ಟೆ, ಏನೂ ಇಲ್ಲ. ಅಲ್ಲಾಡಿಸಿದ್ರೆ ಗಕ್ಕಂತ ಎಳ್ಕೋತೀರಾ. ಸ್ವಲ್ಪ ಹೊತ್ತು ಸರಿ ಇರುತ್ತೆ, ಮತ್ತೆ ಅದೇ. ಬೆಳಗಿನ ತನಕ ಅದೇ."

"ಹೊಸದಾಗಿ ಶುರುವಾಗಿರ್ಬೇಕು. ಆಪರೇಷನ್ ಆದ್ಮೇಲೆ."

"ಹೊಸದಲ್ಲ." ಆಕೆ ಎದೆಯ ಮೇಲಿನ ಕೈ ತೆಗೆಯಲಿಲ್ಲ. "ಮೊದಲೂ ನಿಮ್ಮ ಗೊರಕೆ ಇದ್ದಕ್ಕಿದ್ದ ಹಾಗೆ ನಿಂತು ಹೋಗೋದು. ಗೋಡೆ ಆ ಕಡೆ ನಂಗೆ ಸದ್ಯ ಅನ್ಸೋದು. ಮಗ್ಗುಲು ಬದಲಾಯಿಸಿದ್ರು, ಮತ್ತೆ ಶುರು ಮಾಡೋ ಅಷ್ಟರಲ್ಲಿ ಮಲಗಿಬಿಡೋಣ ಅಂತ ಮಲಗಿಬಿಡ್ತಿದ್ದೆ. ಅಂದ್ರೆ ನೀವು ಉಸಿರು ಕಟ್ಟಿ ಬಿದ್ದಿರೋ ಹೊತ್ತಲ್ಲೇ ನಾನು ನಿದ್ದೆ ಮಾಡ್ತಿದ್ದಿದ್ದು."

"ಬಿಡು, ನಂಗೇ ಗೊತ್ತಿರ್ಲಿಲ್ಲ" ಎಂದರು ಮೇಷ್ಟ್ರು. ಆಕೆ ಬಿಡಲಿಲ್ಲ. ಅವತ್ತೇ ಅವರನ್ನು ಎಬ್ಬಿಸಿಕೊಂಡು ಡಾಕ್ಟರ ಹತ್ತಿರ ಹೊರಟಳು. ಯಾಕೆ ಏನು ಎಂದು ಕೇಳುತ್ತ ಅಕ್ಕನೂ ಜೊತೆಗೆ ಬಂದಳು. ಬೇಡವೆನ್ನಲು ಯಾರಿಗೂ ಆಗಲಿಲ್ಲ.

ಡಾಕ್ಟರು ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಗಂಟಲಲ್ಲಿ ದಾರಿ ಮುಚ್ಚೋ ಜಾಗ ಒಂದೇ ಇರಲ್ಲ. ಮೇಲೆ ಅಂಗುಳ ಇದೆ, ಅದರ ಕೆಳಗೆ ನಾಲಿಗೆಯ ಬುಡ ಇದೆ. ಸದ್ದು ಮಾಡ್ತಿದ್ದದ್ದು ಮೇಲಿನದು, ಅದನ್ನ ತೆಗೆದ್ವಿ. ಆದ್ರೆ ಇವರು ಅಂಗಾತ ಮಲಗಿ ಮೈಮರೆತಾಗ ನಾಲಿಗೆಯ ಬುಡ ಹಿಂದಕ್ಕೆ ಕುಸಿದು ದಾರಿ ಮುಚ್ಚುತ್ತೆ. ಎಚ್ಚರವಾಗಿ ಕೂತಿರೋರ ಬಾಯಿಗೆ ದೀಪ ಬಿಟ್ಟು ನೋಡಿದ್ರೆ ಅದು ಕಾಣಲ್ಲ. ಅದಕ್ಕೇ ನಾನು ನಿಮ್ಮನ್ನ ಕೇಳಿದ್ದು. ಪರೀಕ್ಷೆ ಮಾಡಿಸ್ದೆ ಕತ್ತರಿ ಹಿಡಿದದ್ದು ನನ್ನ ತಪ್ಪೂ ಹೌದು. ಆದ್ರೆ ನೀವು ಪಕ್ಕದಲ್ಲೇ ಮಲಗ್ತೀನಿ, ಉಸಿರು ನಿಲ್ಲಲ್ಲ ಅಂದಿದ್ರಲ್ಲಮ್ಮ?"

ಅಕ್ಕ ಆ ಕಡೆ ಕೂತಿದ್ದಳು. ಸುದ್ದಿಯೊಂದು ಅವಳ ಕಿವಿಗೆ ಬಿತ್ತೆಂದರೆ ಬಂಧುಬಳಗಕ್ಕೆಲ್ಲ ಹಂಚಿದ ಹಾಗೇ. ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪವಿಡಲು ಹೊರಟರು. "ಅದೂ... ಕೆಲವು ಸಲ ಹೊಲಿಗೆ ಕೆಲಸ ಇರುತ್ತಲ್ಲ ಡಾಕ್ಟ್ರೇ..."

"ಮಲಗಲ್ಲ" ಎಂದಳು ಹೆಂಡತಿ. "ನಾನು ಬೇರೆ ಕೋಣೇಲಿ ಮಲಗೋದು. ವರ್ಷಗಳಾಯ್ತು. ಹೇಳೋಕೆ ನಾಚಿಕೆ ಆಯ್ತು, ಸುಳ್ಳು ಹೇಳಿದೆ. ನಾನು ಕಂಡಿದ್ದು ಏನೂ ಇಲ್ಲ ಡಾಕ್ಟ್ರೇ, ಗೋಡೆ ಆಚೆಯಿಂದ ಕೇಳಿದ್ದನ್ನೇ ಸಾಕ್ಷಿ ಹೇಳಿದೆ."

ಅಕ್ಕ ಸುಮ್ಮನಾದಳು, ಅದು ಅವಳ ಜೀವಮಾನದಲ್ಲೇ ಅಪರೂಪ. ಹೊರಗೆ ಬಂದ ಮೇಲೆ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಾಗಾಯ್ತು ಕಣೋ" ಎಂದಳು. ಆಮೇಲೆ ತಮ್ಮನ ಹೆಂಡತಿಯ ಮುಖ ನೋಡಿ, "ನಂಗೂ ನಿಮ್ಮ ಭಾವನಿಗೂ ಮಾತೇ ನಿಂತು ಎಷ್ಟು ಕಾಲ ಆಯ್ತು. ಯಾರಿಗಾದ್ರೂ ಹೇಳಿದೀನಾ" ಎಂದು ಆಟೋ ಹತ್ತಿದಳು. ಮಾರನೆಯ ದಿನ ಊರಿಗೆ ಹೋದಳು.

ನೆಂಟರು ಹೋದರು, ದಿಂಬು ಹೋಗಲಿಲ್ಲ.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಮೈಗೆಲ್ಲ ತಂತಿ ಅಂಟಿಸಿ ನಿದ್ದೆ ಪರೀಕ್ಷೆ ಮಾಡಿದರು. ರೋಗ ಖಚಿತವಾಯಿತು. ಮಲಗುವಾಗ ಮೂಗಿಗೆ ಮಾಸ್ಕು ಕಟ್ಟಿಕೊಂಡು, ಯಂತ್ರದಿಂದ ಗಾಳಿ ತಳ್ಳಿಸಿಕೊಂಡರೆ ಗಂಟಲ ದಾರಿ ತೆರೆದೇ ಇರುತ್ತದೆ ಎಂದರು. ಅದು ಸರಿಹೋಗುವವರೆಗೆ ಕಾರಿಗೆ ಕೈ ಹಚ್ಚಬೇಡಿ, ಅಂಗಾತ ಮಲಗಬೇಡಿ ಎಂದರು. ಯಂತ್ರ ಬರುವವರೆಗೂ ಹೆಂಡತಿ ಪಕ್ಕದಲ್ಲೇ ಇದ್ದಳು, ಅಂಗೈ ಎದೆಯ ಮೇಲೆ. ಉಸಿರು ನಿಂತರೆ ಅಲ್ಲಾಡಿಸುವುದು, ಅಂಗಾತವಾದರೆ ತಿರುಗಿಸುವುದು. ಮೇಷ್ಟ್ರು ನಿದ್ದೆಗೆ ಜಾರುವ ಮುಂಚೆ ಆ ಅಂಗೈಯ ಬಿಸಿ ಅವರಿಗೆ ಗೊತ್ತಾಗುತ್ತಿತ್ತು. ಹೊಲಿಗೆ ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳು. ರೋಗ ಬಂದದ್ದೇ ಒಳ್ಳೆಯದಾಯಿತು ಎಂದು ಅವರಿಗೆ ಅನಿಸಿದ್ದು ಸುಳ್ಳಲ್ಲ.

ಯಂತ್ರ ಬಂತು. ಮೊದಲ ದಿನ ನಿಜಕ್ಕೂ ಹೊಂದಲಿಲ್ಲ. ಮೂಗಿನ ಮೇಲೆ ಯಾರೋ ಕೂತ ಹಾಗಾಗಿ ಅರ್ಧಕ್ಕೇ ಕಿತ್ತು ಹಾಕಿದರು. "ಅಭ್ಯಾಸ ಆಗುತ್ತೆ ಬಿಡಿ" ಎಂದು ಹೆಂಡತಿ ಮತ್ತೆ ಕೂತಳು. ಎರಡನೆಯ ದಿನ ಹೊಂದಿತು. ಹೊಂದಿದ್ದು ಮೇಷ್ಟ್ರಿಗೆ ತಿಳಿಯಿತು. ಅದರ ಜೊತೆಗೇ ಇನ್ನೊಂದೂ ತಿಳಿಯಿತು: ಇದು ಕೆಲಸ ಮಾಡಿದರೆ ಆಕೆಗೆ ಇಲ್ಲಿ ಕೆಲಸವಿಲ್ಲ. ಸ್ವಲ್ಪ ಹೊತ್ತಿಗೆ ಪಟ್ಟಿ ಸಡಿಲಿಸಿ ಪಕ್ಕಕ್ಕಿಟ್ಟರು. "ಆಗ್ತಾ ಇಲ್ಲ ಕಣೆ" ಎಂದರು.

ಆಗ್ತಾ ಇಲ್ಲ, ಆಗ್ತಾ ಇಲ್ಲ ಎಂದೇ ಒಂದಷ್ಟು ದಿನ ಕಳೆದರು. ಆಕೆ ಗೋಡೆಗೆ ಒರಗಿ ಕೂತಳು, ಕೈ ಇಟ್ಟಳು. ತಾವು ಮಾಡುತ್ತಿರುವುದು ಕಳ್ಳತನವೆಂದು ಮೇಷ್ಟ್ರಿಗೆ ಗೊತ್ತಿತ್ತು. ಕದಿಯುತ್ತಿದ್ದುದು ಆಕೆಯ ನಿದ್ದೆಯನ್ನು ಎಂಬುದನ್ನು ಮಾತ್ರ ಅವರು ಅಷ್ಟು ಬಿಡಿಸಿ ನೋಡಿರಲಿಲ್ಲ.

ಒಂದು ಮಧ್ಯಾಹ್ನ ಸಿಗ್ನಲ್ ಪಾಠ ಮುಗಿಸಿ ಆಕೆಯ ಅಂಗಡಿಯ ಕಡೆ ನಡೆದರು. ಮೆಟ್ಟಿಲ ಕೆಳಗಿನ ಆ ಗೂಡಿನ ಮುಂದೆ ಗಿರಾಕಿಯೊಬ್ಬ ಹೊಸ ಪ್ಯಾಂಟನ್ನು ಎತ್ತಿ ಹಿಡಿದು ನಿಂತಿದ್ದ. ಒಂದು ಕಾಲು ಕತ್ತರಿಸದೆ ಉದ್ದಕ್ಕೇ ಇತ್ತು. ಇನ್ನೊಂದು ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಮುಗಿದಿತ್ತು. ಎರಡೂ ಕಾಲು ಕತ್ತರಿಸುವ ಬದಲು ಒಂದೇ ಕಾಲನ್ನು ಎರಡು ಸಲ ಕತ್ತರಿಸಿದ್ದಳು. ಇಷ್ಟು ವರ್ಷದ ಕಸುಬಿನಲ್ಲಿ ಆಕೆಯ ಕತ್ತರಿ ಒಂದು ನೂಲು ತಪ್ಪಿದ್ದನ್ನು ಮೇಷ್ಟ್ರು ಕಂಡಿರಲಿಲ್ಲ.

"ಸ್ವಾಮಿ, ಎಷ್ಟು ಕೂಗಿದ್ರೂ ಏಳ್ತಾ ಇಲ್ಲ ಇವರು" ಎಂದ ಗಿರಾಕಿ. ಅವನಿಗೆ ಸಿಟ್ಟಿಗಿಂತ ಗಾಬರಿಯೇ ಹೆಚ್ಚಾಗಿತ್ತು.

ಆಕೆ ಹೊಲಿಗೆ ಯಂತ್ರದ ತಟ್ಟೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಕೆನ್ನೆ ಸೂಜಿಯಿಂದ ಒಂದು ಬೆರಳಿನಷ್ಟು ದೂರದಲ್ಲಿತ್ತು. ಕಾಲು ಇನ್ನೂ ಪೆಡಲಿನ ಮೇಲಿತ್ತು. ಮೇಷ್ಟ್ರು ಮೊದಲು ಆ ಕಾಲನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟರು. ಗಿರಾಕಿಗೆ ಕೈಮುಗಿದು, ಹೊಸ ಪ್ಯಾಂಟು ಕೊಡಿಸುವುದಾಗಿ ಹೇಳಿ ಕಳಿಸಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, ಆಕೆ ತಾನಾಗಿ ಏಳುವ ತನಕ ಕಾದರು. ತಮ್ಮ ರೋಗವನ್ನು ಈಕೆಗೆ ಅಂಟಿಸಿಬಿಟ್ಟೆ ಎಂದು ಅವರಿಗೆ ಅಳು ಬಂತು. ಬಟ್ಟೆ ಅಂಗಡಿಗೆ ಹೋಗಿಬರುವವರ ಮುಂದೆ ಅಳಲಾಗದೆ ಮೂಗು ಒರೆಸಿಕೊಂಡರು.

ಸಂಜೆ ಊಟಕ್ಕೆ ಕೂತಾಗ ಹೇಳಿದರು. "ಆ ಯಂತ್ರ ನಂಗೆ ಹೊಂದುತ್ತೆ. ಎರಡನೇ ದಿನಾನೇ ಹೊಂದಿತ್ತು."

ಆಕೆ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟಳು. "ಮತ್ತೆ ಆಗಲ್ಲ ಆಗಲ್ಲ ಅಂತಿದ್ರಿ?"

"ಆಗುತ್ತೆ ಅಂದಿದ್ರೆ ನೀನು ಹೋಗ್ತಿದ್ದೆ."

ಆಕೆ ಬೈಯುತ್ತಾಳೆ ಎಂದು ಕಾದರು. ಬೈಯಲಿಲ್ಲ. ತಟ್ಟೆಯಲ್ಲಿಟ್ಟ ತುತ್ತನ್ನು ಮತ್ತೆ ಕಲಸತೊಡಗಿದಳು.

"ನಂಗೆ ಒಬ್ಬಳೇ ಮಲಗಿ ಅಭ್ಯಾಸ ಆಗಿಬಿಟ್ಟಿದೆ ರೀ" ಎಂದಳು ಕೊನೆಗೆ. "ನಿಮ್ಮ ಮೇಲೆ ಕೋಪ ಇಲ್ಲ. ಗೊರಕೆ ಹೋದ್ರೂ ಪಕ್ಕದಲ್ಲಿ ಇನ್ನೊಬ್ಬರು ಅಲ್ಲಾಡಿದ್ರೆ ನಂಗೆ ನಿದ್ದೆ ಬರಲ್ಲ. ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಇಷ್ಟು ವರ್ಷ ಕೇಳಲು ಹೆದರಿದ್ದ ಉತ್ತರ ಬಂದೇಬಿಟ್ಟಿತ್ತು. ಕೇಳಿದ ಮೇಲೂ ಮೇಷ್ಟ್ರು ಕೂತಲ್ಲೇ ಕೂತಿದ್ದರು. ನೋವಾಯಿತು, ಆದರೆ ಮನೆ ಬೀಳಲಿಲ್ಲ.

"ನೀನು ಇಲ್ಲಿದ್ರೆ ನಂಗೆ ಇಷ್ಟ" ಎಂದರು. "ಆದ್ರೆ ನೀನು ನಿದ್ದೆ ಮಾಡ್ಬೇಕು. ಇವತ್ತು ಆ ಕೋಣೇಲೇ ಮಲಗು."

ಅವರೇ ಮಾಸ್ಕು ಕಟ್ಟಿಕೊಂಡರು. ಆಕೆ ಪಟ್ಟಿ ಸರಿಯಾಗಿದೆಯೇ ಎಂದು ಬೆರಳು ತೂರಿಸಿ ನೋಡಿ, ಎದೆಯ ಮೇಲೆ ಒಂದು ಕ್ಷಣ ಅಂಗೈಯಿಟ್ಟು ಹೋದಳು. ಗಾಳಿ ಮೂಗಿನೊಳಕ್ಕೆ ನುಗ್ಗಿತು. ಮೇಷ್ಟ್ರು ಹೊಸ ಹೊದಿಕೆಯ ಕಡೆ ಬೆನ್ನು ಹಾಕಿ ಮಲಗಿದರು.

ಬೆಳಿಗ್ಗೆ ಅವರಿಗೆ ತಾನಾಗಿ ಎಚ್ಚರವಾಯಿತು. ತಲೆ ಹಗುರವಾಗಿತ್ತು. ಬಾಯಿ ಒಣಗಿರಲಿಲ್ಲ. ಕಿಟಕಿಯ ಬೆಳಕು ತೊಳೆದಿಟ್ಟ ಹಾಗೆ ಕಾಣಿಸಿತು. ಎಷ್ಟು ಕಾಲವಾಗಿತ್ತೋ ಹೀಗೆ ಎದ್ದು. ಇದನ್ನು ಯಾರಿಗಾದರೂ ಹೇಳಬೇಕೆನಿಸಿ ಪಕ್ಕಕ್ಕೆ ತಿರುಗಿದರು. ಯಾರೂ ಇರಲಿಲ್ಲ.

ಮಾಸ್ಕು ತೆಗೆದು ಹೊರಗೆ ಬಂದರು. ದಿನಾ ಅವರಿಗಿಂತ ಮೊದಲೇ ಏಳುವ ಹೆಂಡತಿ ಇನ್ನೂ ಎದ್ದಿರಲಿಲ್ಲ. ಚಿಕ್ಕ ಕೋಣೆಯ ಬಾಗಿಲ ಹತ್ತಿರ ಹೋದವರಿಗೆ ಒಳಗಿನಿಂದ ಒಂದು ಸದ್ದು ಕೇಳಿಸಿತು. ತೆಳ್ಳಗಿನ, ಗರಗಸದಂಥ ಸದ್ದು. ಅದೇನೆಂದು ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಕೆ ಗೊರಕೆ ಹೊಡೆಯುತ್ತಿದ್ದಳು. ಮದುವೆಯಾದಾಗಿನಿಂದ ಆಕೆಗಿಂತ ಮೊದಲು ನಿದ್ದೆ ಹೋಗುತ್ತಿದ್ದವರು ಅವರೇ. ನೆಂಟರ ರಾತ್ರಿಗಳಲ್ಲಿ ಎಚ್ಚರವಿದ್ದಾಗಲೂ ಆಕೆ ಎಲ್ಲಿ ಏಳುತ್ತಾಳೋ ಎಂಬ ಭಯವೇ ಅವರ ಕಿವಿಯನ್ನು ತುಂಬಿತ್ತು. ಆಕೆಯ ನಿದ್ದೆ ಹೇಗಿರುತ್ತದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಬಾಗಿಲ ಈ ಕಡೆ ನಿಂತು ಕೇಳಿದರು. ಸದ್ದು ಒಂದು ಸಲ ತಗ್ಗಿತು. ಗೋಡೆಯಾಚೆಯಿಂದ ಕೇಳಿದ್ದನ್ನು ನಂಬಿ ಒಬ್ಬರು ಕೆಟ್ಟದ್ದು ಸಾಕು. ಬಾಗಿಲು ತಳ್ಳಿ ಒಳಗೆ ಹೋದರು. ಬಟ್ಟೆ ಗಂಟುಗಳ ನಡುವೆ ಮಂಡಿಯೂರಿ ಕೂತು, ಆಕೆಯ ಮೂಗಿನ ಹತ್ತಿರ ಕೈ ಹಿಡಿದರು. ಬಿಸಿ ಗಾಳಿ ಬೆರಳಿಗೆ ತಾಕಿತು. ಮತ್ತೆ ತಾಕಿತು. ಕೈ ತೆಗೆಯಲು ಅವರಿಗೆ ಮನಸ್ಸಾಗಲಿಲ್ಲ.

ಬಿಸಿಲು ಹೊಲಿಗೆ ಯಂತ್ರದ ಚಕ್ರದ ತನಕ ಬಂದಾಗ ಆಕೆ ಕಣ್ಣು ಬಿಟ್ಟಳು.

"ಏನ್ರೀ? ಇಲ್ಲಿ ಯಾಕೆ ಕೂತಿದೀರಾ?"

"ಸುಮ್ಮನೆ."

"ಗೊರಕೆ ಹೊಡೀತಿದ್ನಾ?"

ಮೇಷ್ಟ್ರು ಇಲ್ಲ ಎನ್ನಬೇಕೆಂದುಕೊಂಡರು. "ಹೊಡೀತಿದ್ದೆ" ಎಂದರು. "ಉಸಿರು ನಿಲ್ಲಲಿಲ್ಲ. ಪಕ್ಕದಲ್ಲೇ ಕೂತು ನೋಡ್ತಾ ಇದ್ದೆ."

ಆಕೆ ಅವರ ಮುಖವನ್ನೇ ನೋಡಿದಳು. ಆಮೇಲೆ ಹೊದಿಕೆಯನ್ನು ಕತ್ತಿನ ತನಕ ಎಳೆದುಕೊಂಡು, "ಇನ್ನೂ ನಿದ್ದೆ ಬರ್ತಾ ಇದೆ. ಸ್ವಲ್ಪ ಹೊತ್ತು ಹಾಗೇ ಕೂತಿರಿ" ಎಂದು ಕಣ್ಣು ಮುಚ್ಚಿದಳು.

ಮೇಷ್ಟ್ರು ಅವತ್ತು ಕೆಲಸಕ್ಕೆ ತಡವಾಗಿ ಹೋದರು.